ಒಂದು ಹನಿಯೂ ಇಲ್ಲ ಎಂದು ಬರೆದವಳು

‘ದೆಹಲಿಯ ಬಾಲ್ಕನಿಗೆ ನಮ್ಮೂರಿನ ಕರಿಬೇವು. ಸಂಪೂರ್ಣ ಸಾವಯವ, ಸಂಪೂರ್ಣ ನೈಸರ್ಗಿಕ. ಒಂದು ಹನಿ ರಾಸಾಯನಿಕವೂ ಇಲ್ಲ.’

ಮೂರು ವರ್ಷಗಳ ಹಿಂದೆ ದೆಹಲಿ ಕನ್ನಡಿಗರ ಈ ಪತ್ರಿಕೆಯ ಹಿಂಬದಿಯ ಪುಟದಲ್ಲಿ ಬಂದಿದ್ದ ಜಾಹೀರಾತು ಇದು. ಬರೆದವಳು ನಾನು. ಇದು ಸುಳ್ಳು. ಸುಳ್ಳೆಂದು ನನಗೆ ಆಮೇಲೆ ತಿಳಿದದ್ದಲ್ಲ — ಬರೆಯುವಾಗಲೇ ಗೊತ್ತಿತ್ತು.

ಆ ಜಾಹೀರಾತಿನಲ್ಲಿ ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಂಗಸಿನ ಚಿತ್ರವಿತ್ತು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚಿತ್ರದ ಕೆಳಗೆ ಅವರು ಹೇಳಿದ್ದೆಂದು ಒಂದು ಮಾತೂ ಇತ್ತು: ‘ಗಿಡಗಳು ನನ್ನ ಮಕ್ಕಳಿದ್ದಂತೆ. ಮಕ್ಕಳಿಗೆ ಯಾರಾದರೂ ವಿಷ ಹಾಕುತ್ತಾರೆಯೇ?’ ಅವರು ಆ ಮಾತನ್ನು ಆಡಿಯೇ ಇರಲಿಲ್ಲ. ನೊಯ್ಡಾದ ಆಫೀಸಿನಲ್ಲಿ ಕೂತು, ಕಾಫಿ ಕುಡಿಯುತ್ತಾ, ಅದನ್ನು ಕಟ್ಟಿದವಳೂ ನಾನೇ.

ಅವರ ಹೆಸರು ಸಂತೋಷ್. ಹರಿಯಾಣದ ಕಡೆ ಹೆಂಗಸರಿಗೂ ಈ ಹೆಸರಿಡುತ್ತಾರೆ. ಎಲ್ಲರೂ ಅವರನ್ನು ಸಂತೋಷ್ ದೀದಿ ಎನ್ನುತ್ತಿದ್ದರು. ನಜಫ್‌ಗಢ ದಾಟಿ ಹೋದರೆ, ರಸ್ತೆಯ ಬದಿಗೆ, ಹಸಿರು ಪರದೆ ಕಟ್ಟಿದ ಅವರ ನರ್ಸರಿ. ನಾನು ಕೆಲಸ ಮಾಡುತ್ತಿದ್ದ ಕಂಪನಿ ಆನ್‌ಲೈನಿನಲ್ಲಿ ಗಿಡ ಮಾರುತ್ತಿತ್ತು. ಗಿಡ ಬೆಳೆಯುತ್ತಿದ್ದವರು ಇಂಥ ನರ್ಸರಿಯವರು. ಚಂದದ ಕುಂಡ, ಚಂದದ ಡಬ್ಬಿ, ಚಂದದ ಮಾತು — ಇವು ನಮ್ಮವು. ಮಾತಿನ ಭಾಗ ನನ್ನದಾಗಿತ್ತು.

ನಾನು ಮೊದಲ ಸಲ ಅವರಲ್ಲಿಗೆ ಹೋದದ್ದು ಫೋಟೋ ತೆಗೆಸಲು. ಆ ದಿನವನ್ನು ನೆನೆದರೆ ಈಗಲೂ ನನಗೆ ಮೊದಲು ಬರುವುದು ನಾಚಿಕೆಯಲ್ಲ, ಬೆರಗು. ದೆಹಲಿಯ ಚಳಿಗೆ ಕರಿಬೇವು ಸುಲಭಕ್ಕೆ ನಿಲ್ಲುವುದಿಲ್ಲ ಎಂಬುದು ಇಲ್ಲಿ ಬಾಲ್ಕನಿಯಲ್ಲಿ ಒಮ್ಮೆಯಾದರೂ ಪ್ರಯತ್ನಪಟ್ಟ ಕನ್ನಡಿಗರಿಗೆಲ್ಲ ಗೊತ್ತು. ಜನವರಿಯಲ್ಲಿ ಎಲೆಯೆಲ್ಲ ಉದುರಿ ಕಡ್ಡಿಯಾಗುತ್ತದೆ. ಆಮೇಲೆ ತರಕಾರಿ ಭಯ್ಯಾ ಕೊತ್ತಂಬರಿ ಜೊತೆ ಕೊಡುವ ಎರಡು ಬಾಡಿದ ಎಸಳೇ ಗತಿ. ದೀದಿಯ ಸಾಲುಗಳಲ್ಲಿ ಚಳಿ ಕಳೆದು ಬಂದ ನೂರಾರು ಕರಿಬೇವಿನ ಸಸಿಗಳು ತಾಮ್ರದ ಬಣ್ಣದ ಚಿಗುರು ಹೊತ್ತು ನಿಂತಿದ್ದವು. ಪ್ರತಿ ಸಂಜೆ ಅವಕ್ಕೆ ಹುಲ್ಲಿನ ಚಾಪೆ ಹೊದಿಸಿ, ಬೆಳಿಗ್ಗೆ ಮಂಜು ಕರಗಿದ ಮೇಲೆ ತೆಗೆಯುತ್ತಿದ್ದರಂತೆ — ಇಡೀ ಚಳಿಗಾಲ, ಒಂದು ದಿನವೂ ತಪ್ಪದೆ. ಬೆರಳ ತುದಿಯಿಂದ ಮಣ್ಣು ಮುಟ್ಟಿ ‘ಇದಕ್ಕೆ ನಾಳೆ ನೀರು, ಅದಕ್ಕೆ ನಾಡಿದ್ದು’ ಎನ್ನುತ್ತಿದ್ದರು. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಹಾಸನದಿಂದ ಇಷ್ಟು ದೂರ ಬಂದು ಓದಿದ್ದು ಅದನ್ನೇ. ಆದರೆ ಗಿಡವನ್ನು ಓದಲು ಬರುತ್ತಿದ್ದುದು ಅವರಿಗೆ.

ಕೆಲವು ಸಸಿಗಳ ಬುಡಕ್ಕೆ ಕೆಂಪು ಬಟ್ಟೆಯ ಚಿಂದಿ ಕಟ್ಟಿತ್ತು. ಏನಿದು ಎಂದು ಕೇಳಿದೆ.

“ದವಾ ಹಾಕಿರೋದು ಬೇಟಾ,” ಎಂದರು. ಹುಳುವಿನ ಔಷಧಕ್ಕೆ ಅಲ್ಲಿ ದವಾ ಎಂದೇ ಹೇಳುವುದು. “ಚಿಗುರಿಗೆ ಹುಳ ಬೀಳುತ್ತೆ, ಎಲೆ ಮುದುಡುತ್ತೆ. ಅಂಥದ್ದನ್ನ ಯಾರು ಕೊಳ್ತಾರೆ? ಅದಕ್ಕೆ ಬುಡಕ್ಕೆ ದವಾ ಹಾಕ್ತೀನಿ. ಬೇರಿಂದ ಎಲೆಗೆ ಏರುತ್ತೆ, ತೊಳೆದರೆ ಹೋಗಲ್ಲ. ಎರಡು ತಿಂಗಳು ಎಲೆ ಕೀಳಬೇಡಿ ಅಂತ ಕೊಳ್ಳೋರಿಗೆಲ್ಲ ಹೇಳ್ತೀನಿ. ನನಗೆ ಬರೆಯೋಕೆ ಬರಲ್ಲ, ಅದಕ್ಕೆ ಚಿಂದಿ.”

ಹಿಂದೊಮ್ಮೆ ಒಬ್ಬ ಮುದುಕರು ತುಳಸಿ ಕೊಂಡು, ನರ್ಸರಿಯಲ್ಲೇ ನಿಂತು ಎರಡೆಲೆ ಬಾಯಿಗೆ ಹಾಕಿಕೊಂಡಿದ್ದರಂತೆ. ದೀದಿ ಓಡಿಹೋಗಿ ಉಗುಳಿಸಿದರಂತೆ. ಅಂದಿನಿಂದ ಈ ಚಿಂದಿ ಕಟ್ಟುತ್ತಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಕಾನೂನೂ ಅವರನ್ನು ಕೇಳಿರಲಿಲ್ಲ.

ಕ್ಯಾಮೆರಾದವನು ಫ್ರೇಮಿನಲ್ಲಿ ಆ ಚಿಂದಿಗಳು ಕೊಳಕಾಗಿ ಕಾಣುತ್ತವೆ ಎಂದ. ದೀದಿ ಚಹಾ ತರಲು ಒಳಗೆ ಹೋಗಿದ್ದರು. ನನ್ನ ಬ್ಯಾಗಿನಲ್ಲಿ ಕತ್ತರಿ ಇತ್ತು —

ಅವತ್ತು ಕತ್ತರಿಸಿದ್ದು ಒಂದು ಸಾಲು ಸಸಿಗಳ ಚಿಂದಿ. ಆಮೇಲೆ ನಮ್ಮ ಪ್ಯಾಕಿಂಗಿನವರಿಗೆ ನಾನೇ ಬರೆದು ಕಳಿಸಿದೆ: ಗಿಡಗಳಿಗೆ ಕಟ್ಟಿರುವ ಬಟ್ಟೆ ಬಿಚ್ಚಿ ಬಿಸಾಡಿ, ಆಮೇಲೆ ಗಿಡವನ್ನು ಕುಂಡಕ್ಕಿಡಿ.

ಆಫೀಸಿನಲ್ಲಿ ನಾನು ವಿರೋಧಿಸಲೇ ಇಲ್ಲವೆಂದಲ್ಲ. ಒಮ್ಮೆ, ಮೆತ್ತಗೆ. ನಮ್ಮ ಮಾರ್ಕೆಟಿಂಗ್ ಮುಖ್ಯಸ್ಥ ನಿಖಿಲ್‌ನಿಗೆ, “ಇದಕ್ಕೆ ಸರ್ಟಿಫಿಕೇಟ್ ಏನೂ ಇಲ್ಲ, ಬೆಳೆಯೋರೇ ದವಾ ಹಾಕ್ತೀನಿ ಅಂತಿದ್ದಾರೆ, ಆರ್ಗ್ಯಾನಿಕ್ ಅಂತ ಹೇಗೆ ಬರೆಯೋದು?” ಎಂದೆ.

ಅವನು ನಕ್ಕ. “ಅರೇ, ಗಿಡ ತಾನೇ? ಪ್ಲಾಸ್ಟಿಕ್ ಅಲ್ವಲ್ಲ. ಗಿಡ ಅಂದ್ಮೇಲೆ ನ್ಯಾಚುರಲ್ಲೇ. ಎಲ್ಲರೂ ಬರೀತಾರೆ, ಯಾರು ಕೇಳ್ತಾರೆ?”

ನಾನೂ ನಕ್ಕೆ. ಅಷ್ಟೇ ನನ್ನ ವಿರೋಧ. ಹಿಂದಿಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ‘ಕನ್ನಡದವರು ಕರಿಬೇವಿಗೆ ಸಾಯ್ತಾರಲ್ಲ, ನಿಮ್ಮ ಪತ್ರಿಕೆಯಲ್ಲೂ ಹಾಕು’ ಎಂದು ಅವನು ಹೇಳಿದಾಗ ಕನ್ನಡದಲ್ಲೂ ಬರೆದೆ — ಮತ್ತು ಕನ್ನಡದಲ್ಲಿ ಅದು ಎಲ್ಲಕ್ಕಿಂತ ಚೆನ್ನಾಗಿ ಬಂತು. ಆ ಖುಷಿಯನ್ನೂ ಮುಚ್ಚಿಡಲಾರೆ. ಇನ್ನೂ ಒಂದು ಸಾಲು ಸೇರಿಸಿದ್ದೆ: ‘ಚಿಟ್ಟೆಗಳಿಗೂ ಇದು ತವರು.’

ಆ ಸಾಲನ್ನು ನಂಬಿದವರು ಕಿದ್ವಾಯಿ ನಗರದ ಜಬೀನ್ ಮೇಡಂ.

ಅವರು ತುಮಕೂರಿನವರು, ಇಲ್ಲಿನ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಅವರ ಯಜಮಾನರದು ಕೇಂದ್ರ ಸರ್ಕಾರದ ನೌಕರಿ. ಅವರ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಮೇಡಂ ಕಾಲೊನಿಯ ಮಕ್ಕಳನ್ನು ಕೂಡಿಸಿಕೊಂಡು ಚಿಟ್ಟೆ ಸಾಕುತ್ತಿದ್ದರು. ನಿಂಬೆ ಚಿಟ್ಟೆ ಕರಿಬೇವಿನ ಎಲೆಯ ಮೇಲೂ ಮೊಟ್ಟೆಯಿಡುತ್ತದೆ. ಮರಿ ಹುಳು ಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಆಮೇಲೆ ಎಲೆಯದೇ ಹಸಿರು. ಮಕ್ಕಳು ದಿನಾ ಬಂದು ಅಳತೆ ಬರೆದುಕೊಳ್ಳುತ್ತಿದ್ದರು. ಹೋಳಿ ಕಳೆದ ಮೇಲೆ ಹುಳುಗಳು ಹೆಚ್ಚಾಗಿ ಅವರಲ್ಲಿದ್ದ ಒಂದೇ ಗಿಡ ಬೋಳಾಗಿತ್ತು. ಮೇಡಂ ಪತ್ರಿಕೆಯಲ್ಲಿ ನನ್ನ ಜಾಹೀರಾತು ನೋಡಿ ಆರು ಗಿಡ ತರಿಸಿದರು. ಶನಿವಾರ ಬೆಳಿಗ್ಗೆ ಮಕ್ಕಳು ತಮ್ಮ ಕೈಯಾರೆ ಹುಳುಗಳನ್ನು ಹೊಸ ಗಿಡಗಳಿಗೆ ದಾಟಿಸಿದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ನಡುಗಿ, ಬಾಯಿಂದ ಹಸಿರು ನೀರು ಬಿಟ್ಟು, ಎಲೆಯಿಂದ ಕಳಚಿ ಬಿದ್ದವು ಎಂದು ಮೇಡಂ ಕಂಪನಿಗೆ ಬರೆದರು. ಕೋಪದ ಪತ್ರವಲ್ಲ ಅದು. ‘ಏನಾಗಿರಬಹುದು? ಮಕ್ಕಳಿಗೆ ಕಾರಣ ಹೇಳಬೇಕಾಗಿದೆ’ ಎಂದು ಕೇಳಿದ್ದರು, ಅಷ್ಟೇ.

ಉತ್ತರ ಬರೆಯುವ ಕೆಲಸ ನನಗೇ ಬಂತು. ಕಾರಣ ನನಗೆ ಗೊತ್ತಿತ್ತು — ಒಂದು ನಿಮಿಷವೂ ಯೋಚಿಸಬೇಕಿರಲಿಲ್ಲ. ಬೇರಿನಿಂದ ಎಲೆಗೇರಿದ ಔಷಧ ಎಲೆ ತಿಂದ ಹುಳುವಿಗೆ ಏನು ಮಾಡುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಆದರೆ ಹೀಗೆ ಬರೆದೆ: ‘ನಮ್ಮ ಗಿಡಗಳು ಸಂಪೂರ್ಣ ಸಾವಯವ. ಮಕ್ಕಳ ಕೈಯಲ್ಲಿ ಸೋಪು ಅಥವಾ ಸ್ಯಾನಿಟೈಸರಿನ ಅಂಶ ಇದ್ದಿರಬಹುದು.’

ಮೇಡಂ ಒಪ್ಪಲಿಲ್ಲ. ಗಿಡ ಬೆಳೆದವರನ್ನೇ ಕಂಡು ಮಾತಾಡಬೇಕು ಎಂದು ಪಟ್ಟು ಹಿಡಿದರು. “ನಿಮ್ಮ ಕನ್ನಡದವರೇ ಅಲ್ವಾ, ನೀನೇ ಕರೆದುಕೊಂಡು ಹೋಗಿ ಸಮಾಧಾನ ಮಾಡು, ಚಲೋ,” ಎಂದ ನಿಖಿಲ್.

ಹಾಗೆ ಒಂದು ಮಧ್ಯಾಹ್ನ ನಾವು ಮೂವರು ಹೆಂಗಸರು ಆ ಹಸಿರು ಪರದೆಯ ನೆರಳಲ್ಲಿ ನಿಂತಿದ್ದೆವು. ಮೇಡಂ ಜಾಹೀರಾತಿನ ಪುಟವನ್ನು ಬಿಡಿಸಿ ತೋರಿಸಿ, ಹಿಂದಿಯಲ್ಲಿ ಕೇಳಿದರು: “ಇದು ನೀವು ಹೇಳಿದ್ದಾ?”

ದೀದಿ ತಮ್ಮ ಚಿತ್ರವನ್ನು ನೋಡಿದರು. ಅದರ ಕೆಳಗೇನಿದೆ ಎಂದು ಕೇಳಿದರು. ಮೇಡಂ ಓದಿ ಹಿಂದಿಯಲ್ಲಿ ಹೇಳಿದರು.

“ನಾನು ಹೇಳಿಲ್ಲ,” ಎಂದರು ದೀದಿ. “ನಾನು ದವಾ ಹಾಕ್ತೀನಿ. ಎಲ್ಲರಿಗೂ ಹೇಳ್ತೀನಿ, ಗುರುತು ಕಟ್ಟಿ ಕೊಡ್ತೀನಿ. ನಿಮಗೆ ಬಂದ ಗಿಡಕ್ಕೆ ಕೆಂಪು ಚಿಂದಿ ಇರಲಿಲ್ವಾ?”

“ಇರಲಿಲ್ಲ.”

ದೀದಿ ನನ್ನ ಕಡೆ ತಿರುಗಿದರು. ಅವರಿಗೆ ಅರ್ಥವಾಗಿತ್ತು, ಎಲ್ಲ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿದಿತ್ತು — ‘ಈ ಹುಡುಗಿಗೆ ನಾನೇ ಹೇಳಿದ್ದೆ’ ಎಂದು. ಅವರು ಹಾಗೆ ಹೇಳಲಿಲ್ಲ.

“ಇದು ಯಾರು ಬರೆದದ್ದು?” ಎಂದು ಮೇಡಂ ಮತ್ತೆ ಕೇಳಿದಾಗ, ನನ್ನಿಂದ ಕಣ್ಣು ತೆಗೆಯದೆ, “ಬರೆದವರೇ ಹೇಳಬೇಕು,” ಎಂದರು. ಕಾದರು. ನನಗಾಗಿ ಕಾದರು. ಪಂಪಿನ ನೀರು ತೊಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ನಾನು ಫೋನು ತೆಗೆದು ನೋಡತೊಡಗಿದೆ.

ಆಮೇಲೆ ಅವರು ಏನೂ ಆಗದವರಂತೆ ಮನೆಯ ಹಿಂದಕ್ಕೆ ಹೋಗಿ, ಎರಡು ಸಣ್ಣ ಸಸಿ ತಂದು ಮೇಡಂ ಕೈಗಿತ್ತರು. “ಇದು ನಮ್ಮ ಅಡುಗೆಗೆ ಇಟ್ಟುಕೊಂಡಿರೋ ಮರದ ಬೀಜದ್ದು. ಒಂದು ಸಲಾನೂ ದವಾ ಹಾಕಿಲ್ಲ. ಎಲೆ ಮುದುಡಿದೆ ನೋಡಿ, ಚಂದ ಇಲ್ಲ. ಆದರೆ ಮಕ್ಕಳ ಹುಳುಗಳಿಗೆ ಇದೇ ಕೊಡಿ.”

ವಾಪಸು ಬರುವಾಗ ಕಾರಿನಲ್ಲಿ ಮೇಡಂ ಸಸಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ದ್ವಾರಕಾ ದಾಟುವಾಗ ಕನ್ನಡದಲ್ಲಿ ಕೇಳಿದರು: “ಆಯಮ್ಮ ಸುಳ್ಳು ಹೇಳೋರ ಥರ ಕಾಣಲ್ಲ ಅಲ್ವೇನಮ್ಮಾ? ನಿಮ್ಮ ಕಂಪನಿಗೆ ನಿಜವಾಗಲೂ ಏನು ಹೇಳಿದ್ರು ಅವರು?”

“ಗೊತ್ತಿಲ್ಲ ಮೇಡಂ,” ಎಂದೆ. “ಆರ್ಗ್ಯಾನಿಕ್ ಅಂತಲೇ ಹೇಳಿದ್ರು ಅನ್ಸುತ್ತೆ.”

ಅನ್ಸುತ್ತೆ — ಆ ಒಂದು ಪದವನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಪೂರ್ತಿ ಸುಳ್ಳು ಹೇಳುವ ಧೈರ್ಯವೂ ಇಲ್ಲದವಳು ಬಳಸುವ ಪದ.

ಮರುದಿನ ಕಂಪನಿಯ ಪುಟದಲ್ಲಿ ಒಂದು ಪ್ರಕಟಣೆ ಹೊರಟಿತು: ಬೆಳೆಗಾರರೊಬ್ಬರು ನಮಗೆ ತಪ್ಪು ಮಾಹಿತಿ ಕೊಟ್ಟಿದ್ದಾರೆ, ಅವರೊಂದಿಗಿನ ಸಂಬಂಧ ಕಡಿದುಕೊಂಡಿದ್ದೇವೆ. ಹೆಸರಿರಲಿಲ್ಲ. ಹೆಸರು ಬೇಕಿರಲೂ ಇಲ್ಲ, ಅವರ ಮುಖವನ್ನು ನಾನು ಆಗಲೇ ಊರಿಗೆಲ್ಲ ತೋರಿಸಿಯಾಗಿತ್ತು. ಆ ಪ್ರಕಟಣೆಯನ್ನೂ ನಾನೇ ಬರೆದೆ. ಅದನ್ನು ಓದಿದ ಮೇಲೆ, ಪ್ರತಿ ವರ್ಷ ದೀದಿಯಿಂದಲೇ ಗಿಡ ಒಯ್ಯುತ್ತಿದ್ದ ಅಪಾರ್ಟ್‌ಮೆಂಟುಗಳವರು ಬರುವುದನ್ನು ನಿಲ್ಲಿಸಿದರು. ಮೇಡಂ ಕೂಡ ನನ್ನ ಮಾತು ನಂಬಿ, ಗೊತ್ತಿದ್ದವರಿಗೆಲ್ಲ ಆ ನರ್ಸರಿಯಿಂದ ಕೊಳ್ಳಬೇಡಿ ಎಂದರು. ದೀದಿ ಒಂದು ಸಲವೂ ನನಗೆ ಫೋನ್ ಮಾಡಲಿಲ್ಲ. ನನ್ನ ನಂಬರು ಅವರ ಬಳಿ ಇತ್ತು.

ಇದಾದ ಮೇಲೆ ಒಂದು ವರ್ಷ ಅದೇ ಕೆಲಸದಲ್ಲಿದ್ದೆ. ಪಶ್ಚಾತ್ತಾಪದಿಂದ ಬಿಟ್ಟೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಜನಕಪುರಿಯಲ್ಲಿ, ಮನೆಗೆ ಹತ್ತಿರ, ಬೇರೆ ಕೆಲಸ ಸಿಕ್ಕಿತೆಂದು ಬಿಟ್ಟೆ.

ಈ ವರ್ಷ ಯುಗಾದಿಗೆ ಮೇಡಂ ಕೆಲವರನ್ನು ಊಟಕ್ಕೆ ಕರೆದಿದ್ದರು. ಹಬ್ಬ ಯಾರದಾದರೇನು, ಒಬ್ಬಟ್ಟು ಎಲ್ಲರದು ಎನ್ನುವವರು ಅವರು. ನಾನೂ ಹೋದೆ. ಬಾಲ್ಕನಿಯಲ್ಲಿ ಎರಡು ದೊಡ್ಡ ಕರಿಬೇವಿನ ಗಿಡ, ಎಲೆಯೆಲ್ಲ ಕೊರೆದು ತೂತು, ತುಂಬ ಹಸಿರು ಹುಳುಗಳು. ಮಕ್ಕಳು ಮುತ್ತಿಕೊಂಡಿದ್ದರು. ಹನ್ನೆರಡು ಹದಿಮೂರರ ಒಬ್ಬಳು ಹುಡುಗಿ ಮಾತ್ರ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ನೀನೂ ಹೋಗು ಎಂದೆ.

“ನಹೀ ಆಂಟಿ, ನಾನು ಟಚ್ ಮಾಡಲ್ಲ,” ಎಂದಳು. “ನಾನು ಟಚ್ ಮಾಡಿದ್ರೆ ಮರ್ ಜಾತೇ ಹೈಂ. ಒಂದ್ ಸಲ ಸಬ್ ಮರ್ ಗಯೇ ಥೇ.” ತಾನು ಮುಟ್ಟಿದರೆ ಹುಳುಗಳು ಸಾಯುತ್ತವೆ, ಒಮ್ಮೆ ಎಲ್ಲವೂ ಸತ್ತುಹೋಗಿದ್ದವು ಎಂದು.

ಆ ಹುಡುಗಿಯ ಹೆಸರು ಮೈತ್ರಿ. ಅಂದು ಶನಿವಾರ ಹುಳುಗಳನ್ನು ದಾಟಿಸಿದ ಮಕ್ಕಳಲ್ಲಿ ಅವಳೂ ಇದ್ದಳು. ಬರುವ ಮೊದಲು ಸೋಪು ಹಾಕಿ ಕೈ ತೊಳೆದಿದ್ದಳು. ಕಂಪನಿಯ ಪತ್ರದಲ್ಲಿ ಏನಿದೆಯೆಂದು ದೊಡ್ಡವರು ಮಾತಾಡಿಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು. ಮೇಡಂ ಎಷ್ಟು ಹೇಳಿದರೂ — ನಿನ್ನಿಂದಲ್ಲ, ಗಿಡದಿಂದ ಎಂದು — ಮಗು ನಂಬಿರಲಿಲ್ಲ. ಬರಹದಲ್ಲಿ ಬಂದ ಮಾತಿಗಿರುವ ಬಲ ಅಂಥದ್ದು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ಎಲ್ಲರೂ ಹೋಗುವವರೆಗೆ ಕೂತಿದ್ದೆ. ಮೈತ್ರಿಯನ್ನು ಉಳಿಸಿಕೊಂಡು, ಅವಳೆದುರಿಗೇ, ಮೇಡಂಗೆ ಎಲ್ಲವನ್ನೂ ಹೇಳಿದೆ. ಕತ್ತರಿ, ಪತ್ರ, ‘ಅನ್ಸುತ್ತೆ’ — ಎಲ್ಲ.

ಮೇಡಂ ಬೈಯಲಿಲ್ಲ. ಅವರ ಮುಖ ಮಾತ್ರ ನಿಧಾನವಾಗಿ ಬದಲಾಗುತ್ತಾ ಹೋಯಿತು. ನಾನು ಮುಗಿಸಿದ ಮೇಲೆ ಹೇಳಿದರು: “ಆಯಮ್ಮ ಕೊಟ್ಟ ಗಿಡಾನೇ ಇವೆರಡು. ಮೂರು ವರ್ಷದಿಂದ ನಮ್ಮ ಮಕ್ಕಳು ಚಿಟ್ಟೆ ನೋಡ್ತಿರೋದು ಅವರಿಂದ. ಗಿಡ ಇಟ್ಟುಕೊಂಡೆ, ಅವರನ್ನ ಸುಳ್ಳಿ ಅಂತ ಎಷ್ಟು ಜನಕ್ಕೆ ಹೇಳಿದೆ ನಾನು. ನನ್ನ ಕೈಲಿ ಹೇಳಿಸಿದೆಯಲ್ಲಮ್ಮಾ ನೀನು.”

ನಾನು ಮೈತ್ರಿಯ ಕಡೆ ತಿರುಗಿದೆ.

“ತೋ ಮೇರೇ ಹಾಥ್ ಸೇ ನಹೀ?” ಎಂದು ಕೇಳಿದಳು. “ಅಲ್ಲ ಪುಟ್ಟಾ, ನಿನ್ನ ಕೈಯಿಂದ ಅಲ್ಲ. ನನ್ನ ಕೈಯಿಂದ,” ಎಂದೆ. ಅವಳು ಎದ್ದು ಬಾಲ್ಕನಿಗೆ ಹೋದಳು. ಹುಳು ಮುಟ್ಟಿದಳೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ಅದನ್ನು ನೋಡುವ ಹಕ್ಕು ನನಗಿದೆ ಎನಿಸಲಿಲ್ಲ.

ಮುಂದಿನ ಭಾನುವಾರ ನಜಫ್‌ಗಢಕ್ಕೆ ಹೋದೆ, ಒಬ್ಬಳೇ. ನರ್ಸರಿ ಇದೆ, ಅರ್ಧ ಆಗಿದೆ. ಉಳಿದರ್ಧ ಜಾಗದಲ್ಲಿ ಯಾರೋ ಟೈಲ್ಸಿನ ದಾಸ್ತಾನು ಇಟ್ಟಿದ್ದಾರೆ. ದೀದಿಯ ಕೂದಲು ಬೆಳ್ಳಗಾಗಿದೆ. ನೆಲದಲ್ಲಿ ಕೂತು ಚೆಂಡುಹೂವಿನ ಸಸಿ ಎತ್ತಿ ಎತ್ತಿ ಚೀಲಕ್ಕೆ ಇಡುತ್ತಿದ್ದರು. ನನ್ನನ್ನು ಕಂಡು ಗುರುತಿಸಿದರು, ಕೈ ನಿಲ್ಲಿಸಲಿಲ್ಲ. ನಾನು ಎದುರಿಗೆ ಕೂತು ಹೇಳಬೇಕಾದದ್ದನ್ನು ಹೇಳಿದೆ. ಬಸ್ಸಿನಲ್ಲಿ ಬರುವಾಗ ಸಿದ್ಧಮಾಡಿಕೊಂಡಿದ್ದ ಚಂದದ ಮಾತು ಒಂದೂ ಬರಲಿಲ್ಲ, ಅದೇ ಒಳ್ಳೆಯದಾಯಿತು. ಮಾಫಿ ಕೇಳಿದೆ.

“ಮಾಫಿ ಇಟ್ಟುಕೊಂಡು ನಾನೇನು ಮಾಡಲಿ ಬೇಟಾ?” ಎಂದರು. ಕಹಿಯಿಂದಲ್ಲ, ನಿಜವಾಗಿ ಕೇಳುವವರ ಹಾಗೆ. “ನನಗೆ ನೀನು ಸುಳ್ಳು ಹೇಳಲಿಲ್ಲವಲ್ಲ. ಯಾರಿಗೆ ಹೇಳಿದೆಯೋ ಅವರಿಗೆ ಹೋಗಿ ಹೇಳು.”

ಅದರಂತೆ ಮಾಡುತ್ತಿದ್ದೇನೆ. ಹಳೆಯ ಕಂಪನಿಗೆ ನನ್ನ ಹೆಸರು ಹಾಕಿ ಬರೆದೆ. ಉತ್ತರವಿಲ್ಲ, ಅವರ ಪುಟದಲ್ಲಿ ‘ಸಂಪೂರ್ಣ ನೈಸರ್ಗಿಕ’ ಇನ್ನೂ ಇದೆ. ದೀದಿಯನ್ನು ಬಿಟ್ಟ ಅಪಾರ್ಟ್‌ಮೆಂಟುಗಳಿಗೆ ನಾನೇ ಹೋಗಿ ಹೇಳಿ ಬಂದೆ. ಮೇಡಂ ಜೊತೆಗೆ ಬಂದರು — ನನ್ನ ಮೇಲಿನ ಪ್ರೀತಿಯಿಂದಲ್ಲ, ತಾವು ಆಡಿದ ಮಾತನ್ನು ತಾವು ತಿದ್ದಲು. ರೋಹಿಣಿಯಲ್ಲಿ ಒಬ್ಬರು ಬಾಗಿಲು ಹಾಕಿಕೊಂಡರು, ಇನ್ನೊಬ್ಬರು ‘ಈಗ ಹೇಳಿ ಏನು ಪ್ರಯೋಜನ’ ಎಂದರು. ಅವರು ಹೇಳಿದ್ದು ಸರಿ. ಉಳಿದವರು ನೀವು, ಈ ಪತ್ರಿಕೆಯ ಓದುಗರು. ನಿಮ್ಮಲ್ಲಿ ಯಾರು ಆ ಗಿಡ ಕೊಂಡಿರೋ, ಯಾರು ಅದರ ಎಲೆಯನ್ನು ಮರುದಿನವೇ ಒಗ್ಗರಣೆಗೆ ಹಾಕಿ ಮಕ್ಕಳಿಗೆ ಬಡಿಸಿದಿರೋ ನನಗೆ ತಿಳಿಯದು. ನಿಮಗೆ ಸುಳ್ಳು ಹೇಳಿದ್ದೇನೆ. ನಿಮ್ಮ ಭಾಷೆಯಲ್ಲಿ, ಊರಿನ ನೆನಪು ಬೆರೆಸಿ.

ಇದನ್ನು ಬರೆಯುವ ಮೊದಲು ಇನ್ನೊಮ್ಮೆ ದೀದಿಯ ಹತ್ತಿರ ಹೋದೆ. “ನಿಮ್ಮ ಹೆಸರು ಹಾಕಬಹುದಾ?” ಎಂದು ಕೇಳಿದೆ.

“ಹಾಕು. ಆದರೆ ಈ ಸಲ ನಾನು ಹೇಳಿದ್ದನ್ನೇ ಬರಿ.”

ಪುಸ್ತಕ ತೆಗೆದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು, ನಾನು ಬರೆದುಕೊಂಡು ಓದಿ ಹೇಳಿದೆ: “ಸಂತೋಷ್ ಗಿಡಗಳಿಗೆ ದವಾ ಹಾಕುತ್ತಾಳೆ. ಕೇಳಿದವರಿಗೆ ಹೇಳುತ್ತಾಳೆ.”

ಅವರು ಅಲ್ಲವೆಂದು ತಲೆಯಾಡಿಸಿದರು. “ಕೇಳಿದವರಿಗಷ್ಟೇ ಅಲ್ಲ. ಕೇಳದೇ ಇದ್ದವರಿಗೂ.”

ತಿದ್ದಿಕೊಂಡೆ.